ಕಣ್ಣಿಗೊತ್ತಿಕೊಂಡ ಪರದೆ

ಆ ಲ್ಯಾಪ್‌ಟಾಪಿನ ಪರದೆ ಒಂದೇ ಒಂದು ಕತ್ತಿನ ಮೇಲೆ ನಿಂತಿತ್ತು. ಕೀಲಿಮಣೆಯ ಹಿಂದೆ ನಟ್ಟನಡುವೆ ಹೆಬ್ಬೆರಳಿಗಿಂತ ದಪ್ಪನೆಯ ಕಪ್ಪು ಕತ್ತು. ಪರದೆಯ ಎರಡೂ ಅಂಚು ಹಿಡಿದು ಮೆಲ್ಲಗೆ ತಿರುಗಿಸಿದರೆ, ಯಾರೋ ಹೆಸರು ಹಿಡಿದು ಕರೆದಾಗ ಹೊರಳಿ ನೋಡುವ ಹೆಂಗಸಿನ ಹಾಗೆ ಅದು ಆಚೆಗೆ ಮುಖ ಮಾಡುತ್ತಿತ್ತು. ಹಾಗೇ ಬಾಗಿಸಿದರೆ ಕೀಲಿಮಣೆಯ ಮೇಲೆ ಅಂಗಾತ ಮಲಗಿ ದೊಡ್ಡದೊಂದು ಸ್ಲೇಟಾಗುತ್ತಿತ್ತು. ಮೊಬೈಲುಗಳಿಗೆಲ್ಲ ಇನ್ನೂ ಗುಂಡಿಗಳಿದ್ದ ಕಾಲ. ಬೆರಳಿಟ್ಟರೆ ತಿಳಿದುಕೊಳ್ಳುವ ಗಾಜನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೊದಲ ದಿನ ಎಷ್ಟೋ ಹೊತ್ತು ಅದನ್ನು ಸುಮ್ಮನೆ ತಿರುಗಿಸುತ್ತ ಕುಳಿತಿದ್ದೆ. ಕಿಟಕಿಯಾಚೆ, ಬೆಟ್ಟದ ಸಾಲಿನ ಮೇಲೆ, ಹೊಸದಾಗಿ ನಿಲ್ಲಿಸಿದ್ದ ಗಾಳಿಯಂತ್ರಗಳೂ ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು.

ಅದನ್ನು ನಮ್ಮ ಮನೆಗೆ ತಂದುಕೊಟ್ಟವರು ಒಂದು ಸಣ್ಣ ಟ್ರಸ್ಟಿನ ಕಾರ್ಯದರ್ಶಿಗಳು. ಚಿತ್ರದುರ್ಗದಲ್ಲಿ ನಮ್ಮ ಬೀದಿಯವರೇ. ನನ್ನ ಮಾವನವರಿಗೆ ಗೆಳೆಯರು. ಹಳ್ಳಿಗಳಲ್ಲಿ ನಾಲ್ಕಾರು ಕನ್ನಡ ಶಾಲೆ ನಡೆಸುತ್ತಿದ್ದರು. ಯಾರೋ ದಾನಿಗಳು ಕಳಿಸಿದ್ದ ಯಂತ್ರ. ಜೊತೆಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ.

“ನೋಡಮ್ಮ, ಈ ಪುರಾಣ ಓದೋರು ನಮ್ಮಲ್ಲಿ ಯಾರೂ ಇಲ್ಲ. ನೀನು ಕಾನ್ವೆಂಟಿನಾಕೆ. ಓದು, ಬಳಸಿ ನೋಡು, ನಮ್ಮ ಮಿಸ್‌ಗೆ ಕಲಿಸು. ಆಗುತ್ತೋ ಆಗಲ್ವೋ ಅಂತ ಒಂದು ಪುಟ ಬರ್ಕೊಡು. ದಸರಾ ರಜೆಯೊಳಗೆ ನನಗದು ಬೇಕು.”

“ನನಗೆ ಮಿಕ್ಸಿ ಬಿಟ್ರೆ ಬೇರೆ ಯಂತ್ರ ಗೊತ್ತಿಲ್ಲ ಅಂಕಲ್” ಎಂದೆ.

“ಅದನ್ನೇ ಬರಿ. ಮಿಕ್ಸಿಗಿಂತ ಚೆನ್ನಾಗೈತೋ ಇಲ್ಲೋ ಅಂತ.”

ನಗುತ್ತಲೇ ಹೇಳಿದರು. ಆದರೆ ವಿಷಯ ನಗುವಂಥದ್ದಲ್ಲ. ಅವರು ಹೇಳಿದ ಮಿಸ್, ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವ ರಸ್ತೆಯಲ್ಲಿದ್ದ ಟ್ರಸ್ಟಿನ ಶಾಲೆಯಲ್ಲಿ ಮೂರನೇ ತರಗತಿಯ ಟೀಚರು. ಬೇಸಿಗೆಯಲ್ಲಿ ಗಂಟಲಿನ ದೊಡ್ಡ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಕತ್ತಿನ ಪಕ್ಕದ ನರಕ್ಕೂ ತೊಂದರೆಯಾಗಿ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮೇಜಿನ ಮಟ್ಟದಲ್ಲಿ ಅವರ ಬರವಣಿಗೆ ಮೊದಲಿನಂತೆಯೇ ದುಂಡಗೆ ಬರುತ್ತಿತ್ತು. ಕರಿಹಲಗೆಗೆ ಕೈ ಎಟುಕುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸಿದರೆ ಹಿಂದಿನ ಸಾಲಿಗೆ ಕಾಣದು. ಡ್ರಾಯಿಂಗ್ ಹಾಳೆಯಲ್ಲಿ ಬರೆದರೆ ಹಾಳೆಗಳು ಗಂಟೆಯೊಳಗೆ ಖಾಲಿ. ರಜೆ ಬರುವುದರೊಳಗೆ ಪಾಠ ಮಾಡುವ ದಾರಿ ಸಿಗದಿದ್ದರೆ ತರಗತಿಗೆ ಹೊಸಬರು ಬರುತ್ತಾರೆ, ಮಿಸ್ ಬಿಸಿಯೂಟದ ಉಗ್ರಾಣ ನೋಡಿಕೊಳ್ಳುತ್ತಾರೆ ಎಂದು ಸಮಿತಿಯಲ್ಲಿ ಮಾತಾಗಿತ್ತು. ಅವರು ಒಂಟಿ ಹೆಂಗಸು. ಆ ತರಗತಿಯೇ ಅವರ ಮನೆ ಎಂದು ಕಾರ್ಯದರ್ಶಿಗಳು ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಖ ಕೆಳಗೆ ಮಾಡಿಕೊಂಡೇ ಹೇಳಿದರು.

ಮೊದಲ ವಾರ ಮನೆಯಲ್ಲೇ ಪರೀಕ್ಷೆ. ಬೆಳಗಿನ ಅಡುಗೆ ಮುಗಿಸಿ, ನಡುಮನೆಯ ಚಾಪೆಯ ಮೇಲೆ ಅದನ್ನು ಬಿಚ್ಚಿ, ಪುಸ್ತಕದ ಒಂದೊಂದು ಪುಟವನ್ನೂ ಹೊಸ ಅಡುಗೆಯ ಹಾಗೆ ಮಾಡಿ ನೋಡುತ್ತಿದ್ದೆ. ಮೊದಲು ಗೊತ್ತಾದದ್ದು ಅದರ ತೂಕ. ಮಾಮೂಲಿ ಲ್ಯಾಪ್‌ಟಾಪಿಗಿಂತ ಪರದೆ ಅಗಲ; ಅದಕ್ಕೆ ತಕ್ಕಂತೆ ಮೈಯೂ ಭಾರ. ನಿದ್ದೆ ಹೋದ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈ ಬೇಕು. ಎರಡನೆಯದು, ಕತ್ತು ಒಂದೇ ದಿಕ್ಕಿಗೆ ತಿರುಗುತ್ತದೆ; ವಾಪಸು ಬರುವುದೂ ಅದೇ ದಾರಿಯಲ್ಲಿ. ಬುಡದಲ್ಲಿ ಸಾಸಿವೆಯಷ್ಟು ಚಿಕ್ಕ ಬಾಣದ ಗುರುತು ಇತ್ತು. ತಿರುಗಾ ಮುರುಗಾ ಎಳೆದರೆ ಮುರಿಯುತ್ತದೆಂದು ಪುಸ್ತಕ ಮೂರು ಕಡೆ ಎಚ್ಚರಿಸಿತ್ತು. ನಾನು ಪರದೆಯ ಬಲ ಅಂಚಿಗೆ ಕೆಂಪು ದಾರ ಕಟ್ಟಿದೆ, ಆ ಕಡೆ ಹಿಡಿದು ಎಳೆಯಬೇಕು ಎಂಬ ನೆನಪಿಗೆ. ಸಂಜೆ ನಮ್ಮ ಮನೆಯವರು ನೋಡಿ, “ಇದಕ್ಕೂ ದೃಷ್ಟಿ ಆಯ್ತಾ?” ಎಂದರು.

ಪರದೆಯ ಮೇಲೆ ಬರೆಯಲು ಅದರದೇ ಪೆನ್ನಿತ್ತು. ಶಾಯಿಯಿಲ್ಲದ, ಹಗುರ ಪೆನ್ನು. ಗಾಜಿಗೆ ಮುಟ್ಟುವ ಮುಂಚೆಯೇ, ಬೆರಳಗಲದ ದೂರದಲ್ಲೇ, ಅದು ಬರುತ್ತಿರುವುದು ಪರದೆಗೆ ತಿಳಿದು ಸಣ್ಣ ಚುಕ್ಕಿಯೊಂದು ಎದ್ದು ನಿಲ್ಲುತ್ತಿತ್ತು. ಆ ಚುಕ್ಕಿ ನನಗೆ ಬಹಳ ಇಷ್ಟವಾಯಿತು. ಬೆರಳಲ್ಲೂ ಬರೆಯಬಹುದಿತ್ತು. ಕಷ್ಟ ಏನೆಂದರೆ, ಒತ್ತಿದ್ದೆಲ್ಲ ಬೆರಳೆಂದೇ ಅದರ ಲೆಕ್ಕ. ನನ್ನ ಗಾಜಿನ ಬಳೆ ತಾಗಿದರೂ ಗೀಟು ಬೀಳುತ್ತಿತ್ತು. ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ಬರೆದೆ. ನಾನು ಬರೆದ ಕನ್ನಡವನ್ನು ಅಚ್ಚಿನಕ್ಷರ ಮಾಡಲು ಹೇಳಿದರೆ ಅದು ಏನೇನೋ ಇಂಗ್ಲಿಷ್ ಅಕ್ಷರ ಉದುರಿಸಿತು. ಆ ಸೌಲಭ್ಯವನ್ನು ಮುಚ್ಚಿಟ್ಟೆ. ಬರೆದದ್ದು ಬರೆದ ಹಾಗೇ ನಿಲ್ಲುವ, ನೋಟ್‌ಬುಕ್ಕಿನಂಥ ಒಂದು ಪ್ರೋಗ್ರಾಂ ಸಿಕ್ಕಿತು. ಕೆಳ ಅಂಚಿನ ಪಟ್ಟಿಯಲ್ಲಿ ಪುಟ ತಿರುವುವ ಬಾಣಗಳು. ಸಾಕು, ಇದೇ ಸಾಕು ಅನ್ನಿಸಿತು.

ಪ್ರತಿ ಸಂಜೆ ಹಳೆಯ ವಾಯಿಲ್ ಸೀರೆಯ ತುಂಡಿನಿಂದ ಪರದೆಯನ್ನು ಒರೆಸಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ನಮಗೆ ಗಾಜು ಒರೆಸುವ ಕೆಲಸವಿರುತ್ತಿತ್ತು. ಬೆಳಕಿಗೆ ಓರೆಯಾಗಿ ನಿಂತು ನೋಡಿ, ಒಂದು ಬೆರಳಚ್ಚೂ ಉಳಿಯಬಾರದು ಎನ್ನುತ್ತಿದ್ದರು ಸಿಸ್ಟರ್. ಆ ಅಭ್ಯಾಸ ನನ್ನ ಕೈಯಲ್ಲಿ ಹಾಗೇ ಉಳಿದುಬಿಟ್ಟಿದೆ. ಅದು ಮುಂದೆ ನನ್ನನ್ನೇ ದಾರಿ ತಪ್ಪಿಸೀತು ಎಂದು ಆಗ ಹೊಳೆದಿರಲಿಲ್ಲ.

ಮುಂದಿನ ವಾರ ಅದನ್ನು ಎರಡು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ತೊಡೆಯ ಮೇಲಿಟ್ಟುಕೊಂಡ ಭಾರಕ್ಕೆ ಕಾಲು ಜೋಮು ಹಿಡಿಯುತ್ತಿತ್ತು. ಒಣ ಬಯಲು, ಕುರುಚಲು, ದೂರದಲ್ಲಿ ಕುರಿಮಂದೆಯೊಂದು ಮೋಡದ ನೆರಳಿನಂತೆ ಸರಿಯುವುದು. ಪಕ್ಕದಲ್ಲಿ ಕೂತ ಅಜ್ಜಿ ಚೀಲವನ್ನೇ ನೋಡಿ, “ದೇವ್ರಾ?” ಎಂದು ಕೇಳಿತು. ಅಲ್ಲ ಅಜ್ಜಿ, ಕಂಪ್ಯೂಟರು ಎಂದೆ. “ಇರ್ಲಿ ಬಿಡು. ನೀನು ಇಟ್ಕಂಡಿರೋ ರೀತಿ ನೋಡಿದೆ” ಎಂದಿತು.

ಮಿಸ್ ಶಾಲೆಯ ಬಾಗಿಲಲ್ಲೇ ನಿಂತಿದ್ದರು. ನಲವತ್ತರ ಆಸುಪಾಸು, ತೆಳ್ಳಗಿನ ಮೈ, ಕುತ್ತಿಗೆಗೆ ಬಿಳಿಯ ಹತ್ತಿ ಸ್ಕಾರ್ಫು. ಮಾತಿಗೆ ಬದಲಾಗಿ ಅವರ ಬಳಿ ಇದ್ದದ್ದು ಎಡಗೈಯ ಚಿಟಿಕೆಗಳು, ಹುಬ್ಬು, ಮತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಪುಟ್ಟ ಸ್ಲೇಟು. ಯಂತ್ರವನ್ನು ಮೇಜಿನ ಮೇಲಿಟ್ಟು ನಾನು ಕತ್ತು ತಿರುಗಿಸಿ, ಬಾಗಿಸಿ, ಮಲಗಿಸಿ ತೋರಿಸಿದೆ. ಅವರು ಪೆನ್ನು ತೆಗೆದುಕೊಂಡು ಬರೆದ ಮೊದಲ ಸಾಲು ಇವತ್ತಿಗೂ ನೆನಪಿದೆ: “ಅಕ್ಕ, ಇದು ಮುನಿಸ್ಕಂಡ ಸೊಸೆ ಇದ್ದಂಗೈತೆ. ಕತ್ತು ತಿರುಗಿಸಿ ಮಲಗ್ತತೆ.”

ನಾನು ನಕ್ಕೆ. ಅವರೂ ನಕ್ಕರು. ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯಿತು. ಬಲಭುಜ ಸ್ವಲ್ಪ ಕಡಿಮೆ.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಪರದೆಯನ್ನು ತಮ್ಮ ಕಡೆ ಓರೆಯಾಗಿ ಬಾಗಿಸಿಕೊಂಡು ಮಿಸ್ ಬರೆಯುವಾಗ ಮಕ್ಕಳಿಗೆ ಕಾಣುವುದಿಲ್ಲ. ಎತ್ತಿ ಮಕ್ಕಳ ಕಡೆ ತಿರುಗಿಸಿದರೆ ಮಿಸ್‌ಗೆ ಕಾಣುವುದಿಲ್ಲ. ತಿರುಗಿಸಿದಾಗ ಕೆಲವೊಮ್ಮೆ ಅಕ್ಷರಗಳೆಲ್ಲ ತಲೆಕೆಳಗಾಗಿ ನಿಲ್ಲುತ್ತಿದ್ದವು. ಅದಕ್ಕೆ ಪಕ್ಕದ ಗುಂಡಿಯೊಂದನ್ನು ಒತ್ತಬೇಕು. ಕಿಟಕಿಯ ಬೆಳಕು ಬಿದ್ದರೆ ಪರದೆ ಬೆಳ್ಳಗೆ ಕಂತಿಹೋಗುತ್ತಿತ್ತು. ಅಡುಗೆಯ ದೊಡ್ಡಮ್ಮ ತಮ್ಮ ಮನೆಯ ಕರಿಕಂಬಳಿ ತಂದು ಕಿಟಕಿಗೆ ಇಳಿಬಿಟ್ಟರು. ಕೋಣೆ ಒಮ್ಮೆಗೇ ಸಂಜೆಯಾದಂತಾಯಿತು. ಪರದೆ ಮಾತ್ರ ಬೆಳಗುತ್ತ ನಿಂತಿತು. ಪಕ್ಕದಿಂದ ನೋಡಿದವರಿಗೆ ಅಕ್ಷರ ಮಂಕಾಗಿ, ಬಣ್ಣ ಉಲ್ಟಾ ಆಗಿ ಕಾಣುತ್ತದೆಂದು ಗೊತ್ತಾದ ಮೇಲೆ ಸಾಲುಗಳನ್ನು ಬಿಚ್ಚಿ, ಮಕ್ಕಳನ್ನು ಮುಂದೆ ಕಿರಿದು ಹಿಂದೆ ಅಗಲವಾಗಿ, ಬೀಸಣಿಗೆಯ ಹಾಗೆ ಕೂರಿಸಿದೆವು. ಶಾಲೆಯಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬ್ಯಾಟರಿ ಪುಸ್ತಕದಲ್ಲಿ ಹೇಳಿದ್ದರ ಅರ್ಧಕ್ಕೆ ಮುಗಿಯುತ್ತಿತ್ತು. ದಾನಿಗಳು ಜೊತೆಗಿಟ್ಟಿದ್ದ ಎರಡನೆಯ ಬ್ಯಾಟರಿಯನ್ನು ರಾತ್ರಿ ನಮ್ಮ ಮನೆಯಲ್ಲಿ ತುಂಬಿಸಿ ಒಯ್ಯುತ್ತಿದ್ದೆ.

ಬರೆ, ತಿರುಗಿಸು, ಮತ್ತೆ ನಿನ್ನ ಕಡೆ ತಿರುಗಿಸಿಕೋ. ಇದನ್ನು ನಾನು ಆ ಯಂತ್ರದ ದೊಡ್ಡ ಕೊರತೆ ಎಂದು ಗುರುತು ಮಾಡಿಕೊಂಡಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಅದು ಕೊರತೆಯಲ್ಲ ಎಂದು ನಿಧಾನವಾಗಿ ತಿಳಿಯಿತು. ಮಿಸ್ ಬರೆಯುವಾಗ ಪೆನ್ನಿನ ತುದಿಯ ಟಕಟಕ ಸದ್ದೊಂದೇ. ಮಕ್ಕಳು ಉಸಿರು ಬಿಗಿಹಿಡಿದು ಪರದೆಯ ಬೆನ್ನನ್ನೇ ನೋಡುತ್ತಿದ್ದರು. ಕೆಂಪು ದಾರದ ಅಂಚು ಹಿಡಿದು ಮಿಸ್ ಮೆಲ್ಲಗೆ ತಿರುಗಿಸಿದಾಗ, ಮೊದಲಕ್ಷರ ಕಂಡ ಕೂಡಲೇ, ಯಾರೂ ಹೇಳಿಕೊಡದೆಯೇ, ಎಲ್ಲ ಒಟ್ಟಿಗೆ ಓದುತ್ತಿದ್ದರು. “ಇಂದು – ನಾವು – ಮಳೆಯ – ಬಗ್ಗೆ –” ಮಿಸ್ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಕಂಬಳಿಯ ಮಬ್ಬಿನಲ್ಲಿ ಅವರ ಮಾತು ಅಷ್ಟೊಂದು ಬಾಯಿಗಳಿಂದ ಹೊರಟು ಅವರ ಕಿವಿಗೇ ವಾಪಸು ಬರುತ್ತಿತ್ತು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಪುಸ್ತಕವನ್ನು ಮರೆತೇಬಿಟ್ಟಿದ್ದೆ.

ತೊಂದರೆ ಶುರುವಾದದ್ದು ಮಕ್ಕಳನ್ನು ಒಬ್ಬೊಬ್ಬರಾಗಿ ಪರದೆಯ ಬಳಿ ಕರೆಯತೊಡಗಿದ ಮೇಲೆ. ಮಿಸ್ ಲೆಕ್ಕ ಬರೆದು ತಿರುಗಿಸುವುದು, ಹೆಸರಿಗೆ ಬದಲು ಬೆರಳು ತೋರಿಸಿ ಕರೆಯುವುದು, ಮಗು ಬಂದು ಬೆರಳಿನಿಂದಲೇ ಉತ್ತರ ಬರೆಯುವುದು. ಹೀಗೆ ಗೊತ್ತು ಮಾಡಿದ್ದೆವು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಬಂದಳು. ಮರುಕ್ಷಣ ತರಗತಿಯೆಲ್ಲ “ಹೋಯ್ತು, ಹೋಯ್ತು” ಎಂದಿತು. ನಾನು ಎದ್ದು ಆಚೆ ಹೋಗಿ ನೋಡಿದರೆ ಪರದೆ ಖಾಲಿ. ಲೆಕ್ಕವೇ ಇಲ್ಲ.

“ನಾನೇನೂ ಮಾಡ್ಲಿಲ್ಲ ಮಿಸ್. ಇನ್ನಾ ಬರದೇ ಇಲ್ಲ” ಎಂದು ಹುಡುಗಿ ಅಳುಮುಖ ಮಾಡಿತು.

ಪುಟ ಹಿಂದಕ್ಕೆ ತಿರುವಿ ಲೆಕ್ಕವನ್ನು ಹುಡುಕಿ ತಂದೆ. ಮುಂದಿನ ಮಗುವಿಗೆ ಏನೂ ಆಗಲಿಲ್ಲ. ಅದರ ಮುಂದಿನದಕ್ಕೆ ಮತ್ತೆ ಖಾಲಿ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ಮನೆಗೆ ತಂದು ನೂರು ಸಲ ತಿರುಗಿಸಿದರೂ ಒಮ್ಮೆಯೂ ಆಗಲಿಲ್ಲ. ಕತ್ತಿನೊಳಗಿನ ತಂತಿ ಸಡಿಲವಾಗಿದೆಯೇನೋ ಎಂದು ಬೇರೆ ಬೇರೆ ಓರೆಯಲ್ಲಿ ನಿಲ್ಲಿಸಿ ನೋಡಿದೆ. ಬಿಸಿಯೇರಿ ಹಾಗಾಗುತ್ತಿದೆಯೇ ಎಂದು ಅಡಿಯಲ್ಲಿ ಎರಡು ಅಡ್ಡಪಟ್ಟಿ ಕೊಟ್ಟು ಗಾಳಿಯಾಡಿಸಿದೆ. ಪೆನ್ನಿನ ಗುರಿಯನ್ನು ಹೊಸದಾಗಿ ಹೊಂದಿಸಿದೆ. ಮನೆಯಲ್ಲಿ ಎಲ್ಲವೂ ಸರಿ, ಶಾಲೆಯಲ್ಲಿ ಮತ್ತೆ “ಹೋಯ್ತು.” ಮಿಸ್ ಮುಖ ಸಣ್ಣದಾಗುತ್ತ ಬಂತು. ಒಂದು ಮಧ್ಯಾಹ್ನ ಸ್ಲೇಟಿನಲ್ಲಿ ಬರೆದರು: “ನನ್ನ ಕೈಗುಣ ಏನೋ.” ಓದಿ ನಾನು ಒರೆಸಿಬಿಟ್ಟೆ.

ಅದೇ ಸಮಯಕ್ಕೆ ಕಾರ್ಯದರ್ಶಿಗಳು ಹೇಳದೆ ಕೇಳದೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಅವರೆದುರೇ ಪುಟ ಮೂರು ಸಲ ಮಾಯವಾಯಿತು. ಮಕ್ಕಳು ಗದ್ದಲ ಮಾಡಿದರು. ಸುಮ್ಮನಿರಿಸಲು ಮಿಸ್ ಮೇಜನ್ನು ತಟ್ಟುತ್ತಲೇ ಇದ್ದರು. ಕಾರ್ಯದರ್ಶಿಗಳೇ ಎದ್ದು, “ಏ, ಎಣ್ಣೆ ಕೈಯಾಗೆ ಅದನ್ನ ಮುಟ್ಬ್ಯಾಡ್ರಲೇ. ಕುಂತ್ಕಳ್ರಿ ಸುಮ್ಕೆ” ಎಂದು ಗದರಿದ ಮೇಲೆ ತರಗತಿ ತಣ್ಣಗಾಯಿತು. ಹೊರಗೆ ಬೇವಿನ ಮರದಡಿ ನನ್ನನ್ನು ಕರೆದು ಹೇಳಿದರು:

“ನೋಡಮ್ಮ, ಕಷ್ಟಪಟ್ಟೀಯ, ಅಲ್ಲ ಅನ್ನಲ್ಲ. ಆದ್ರೆ ಮಕ್ಕಳ ವರ್ಷ ಹಾಳಾಗಬಾರ್ದು. ದಾನ ಬಂದಿದ್ದು ಅಂತ ಕೆಟ್ಟ ಯಂತ್ರ ಇಟ್ಕಂಡು ಏನ್ ಮಾಡೋದು. ಉಗ್ರಾಣದ ಕೆಲಸ ಏನೂ ಕೀಳಲ್ಲ. ನೀನೇ ಮಿಸ್‌ಗೆ ಸಮಾಧಾನ ಹೇಳು.”

“ರಜೆವರೆಗೂ ಟೈಮ್ ಅಂದಿದ್ರಿ, ಅಂಕಲ್.”

“ಅಂದಿದ್ದೆ. ಸರಿ, ಸಮಿತಿಯವರನ್ನ ಕರ್ಕಂಡು ಇನ್ನೊಂದ್ಸಲ ಬರ್ತೀನಿ. ಅದೇ ಕೊನೆ.”

ಆ ಸಂಜೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ವಾಯಿಲ್ ತುಂಡು ಶಾಲೆಯಲ್ಲೇ ಉಳಿಯಿತು. ಮೊದಲ ಸಲ ಪರದೆಯನ್ನು ಒರೆಸದೆ ಮನೆಗೆ ತಂದಿದ್ದೆ. ದೀಪ ಹಚ್ಚುವ ಹೊತ್ತು. ಚಾಪೆಯ ಮೇಲಿಟ್ಟು ಗುಂಡಿ ಒತ್ತಿದೆ. ಪರದೆ ಇನ್ನೂ ಕಪ್ಪಾಗಿಯೇ ಇತ್ತು. ಪಡುವಣ ಕಿಟಕಿಯಿಂದ ಕೋಟೆಯ ಬಂಡೆಗಳನ್ನು ದಾಟಿ ಬಂದ ಕೊನೆಯ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನಲ್ಲಿ ಬೆರಳಚ್ಚುಗಳು ಎದ್ದು ಕಂಡವು. ಉತ್ತರ ಬರೆಯುವ ನಡುಭಾಗದಲ್ಲಿ ಅಲ್ಲೊಂದು ಇಲ್ಲೊಂದು ಗೆರೆ. ಆದರೆ ಕೆಳ ಅಂಚಿನುದ್ದಕ್ಕೂ, ಅಲ್ಲಿ ಬರೆಯುವಂಥದ್ದೇನೂ ಇಲ್ಲದ ಕಡೆ, ಪುಟ್ಟ ಪುಟ್ಟ ಅಚ್ಚುಗಳು ಒತ್ತೊತ್ತಾಗಿ, ಇರುವೆ ಸಾಲಿನಂತೆ. ಒಂದರಲ್ಲಿ ವಿಭೂತಿಯ ಬಿಳಿ ಪುಡಿ ಇತ್ತು.

ಅಷ್ಟರಲ್ಲಿ ಪರದೆ ಬೆಳಗಿ ಮಧ್ಯಾಹ್ನದ ಲೆಕ್ಕ ಮೂಡಿತು. ಹತ್ತಿರ ಸರಿದು ನೋಡಲು ಕಾಲು ಮಡಚಿದೆ. ಪಾದದ ತುದಿ ಯಂತ್ರಕ್ಕೆ ತಾಗಿತು. ಥಟ್ಟನೆ ಕೈಚಾಚಿ, ಪರದೆಯ ಬುಡವನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡೆ.

ಕಣ್ಣು ಬಿಟ್ಟಾಗ ಪುಟ ಖಾಲಿಯಾಗಿತ್ತು.

ಮಕ್ಕಳು ಮುಂದೆ ಬರುವುದನ್ನು ನಾನು ದಿನವೂ ನೋಡಿದ್ದೆ. ಪರದೆಯ ಬೆನ್ನು ನನ್ನ ಕಡೆಗಿತ್ತು, ನಿಜ. ಆದರೆ ಅದರ ಮೇಲ್ಗಡೆ ಆ ಪುಟ್ಟ ಕೈಗಳು ಕಣ್ಣಿನವರೆಗೆ ಏರಿ ಇಳಿಯುವುದು ನನಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಅದು ಉಸಿರಾಟದಷ್ಟು ಪರಿಚಿತ ಸನ್ನೆ. ನೋಡಿದ್ದೆ, ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಓದುಬರಹದ ವಸ್ತು, ಮುಟ್ಟುವ ಮುಂಚೆ ನಮಸ್ಕಾರ. ಬುಡದಲ್ಲಿ ಪುಟ ತಿರುವುವ ಬಾಣವಿದೆ, ಬೆರಳು ಅದರ ಮೇಲೆ ಬಿದ್ದವರಿಗೆ ಪುಟ ತಿರುಗುತ್ತದೆ, ಪಕ್ಕಕ್ಕೆ ಬಿದ್ದವರಿಗೆ ಇಲ್ಲ. ಯಂತ್ರ ಕೆಟ್ಟಿರಲಿಲ್ಲ. ಮಕ್ಕಳ ಭಕ್ತಿಯನ್ನು ಅದು ಅಪ್ಪಣೆ ಎಂದು ತಿಳಿದು, ಹೇಳಿದ್ದನ್ನು ವಿಧೇಯವಾಗಿ ಮಾಡುತ್ತಿತ್ತು. ಮತ್ತು ದಿನದ ಕೊನೆಗೆ ಸುಳಿವನ್ನೆಲ್ಲ ನಾನೇ ಚೊಕ್ಕಟವಾಗಿ ಒರೆಸಿಡುತ್ತಿದ್ದೆ.

ಪುಸ್ತಕದಲ್ಲಿ ಪರಿಹಾರವೂ ಇತ್ತು. ಬೆರಳಿನ ಸ್ಪರ್ಶವನ್ನು ಪೂರ್ತಿ ಆರಿಸಿ, ಪೆನ್ನು ಮಾತ್ರ ಕೆಲಸ ಮಾಡುವಂತೆ ಇಡಬಹುದು. ಆ ರಾತ್ರಿಯೇ ಆರಿಸಿದೆ. ಮರುದಿನ ಪುಟ ಒಮ್ಮೆಯೂ ಮಾಯವಾಗಲಿಲ್ಲ. ಮಕ್ಕಳು ಪೆನ್ನಿನಿಂದ ಉತ್ತರ ಬರೆದರು. ಗೆದ್ದೆವು ಎಂದುಕೊಂಡೆ. ಆದರೆ ಆ ಪೆನ್ನು ಅವರ ಕೈಗೆ ಒಗ್ಗಲಿಲ್ಲ. ಒಂದೇ ಪೆನ್ನು, ಬೀಳಿಸಿಯಾರೆಂದು ನಾನು ಪ್ರತಿಯೊಬ್ಬರ ಕೈ ಹಿಡಿಯುತ್ತಿದ್ದೆ. ಎರಡು ಜಡೆಯ ಹುಡುಗಿ ಬಂದು, ಮೊದಲು ಮುಟ್ಟಿ ನಮಸ್ಕರಿಸಿ, ಆಮೇಲೆ ಅಭ್ಯಾಸದಂತೆ ಬೆರಳಿಂದ ಗೀಚಿತು. ಗೆರೆ ಬೀಳಲಿಲ್ಲ. ಇನ್ನೊಮ್ಮೆ, ಒತ್ತಿ ಗೀಚಿತು.

“ಮಿಸ್, ನನ್ ಕೂಡೆ ಟೂ ಬಿಟ್ಟೈತೇನ್ರಿ ಇದು?”

ಯಾರೂ ನಗಲಿಲ್ಲ. ಅದು ತನ್ನ ಬೆರಳನ್ನು ತಾನೇ ತಿರುಗಿಸಿ ನೋಡಿಕೊಂಡಿತು.

ಬಿಸಿಯೂಟದ ಹೊತ್ತಿನಲ್ಲಿ ಮಿಸ್‌ಗೆ ಎಲ್ಲ ವಿವರಿಸಿದೆ. ಬೆರಳಚ್ಚು, ಬಾಣ, ನಮಸ್ಕಾರ. ಅವರ ಕಣ್ಣು ಅಗಲವಾಯಿತು, ಭುಜ ಕುಣಿಯಿತು. “ಹಾಗಾದರೆ ಮಕ್ಕಳಿಗೆ ಹೇಳೋಣ ಮಿಸ್. ಇದಕ್ಕೆ ನಮಸ್ಕಾರ ಬೇಡ, ಇದು ಬರೀ ಯಂತ್ರ ಅಂತ. ಎರಡು ದಿನದಲ್ಲಿ ಬಿಡ್ತಾರೆ. ಆಮೇಲೆ ಬೆರಳಿನ ಸ್ಪರ್ಶವನ್ನು ಮತ್ತೆ ಹಚ್ಚಬಹುದು” ಎಂದೆ. ಸಮಿತಿ ಬರಲು ಹೆಚ್ಚು ದಿನ ಉಳಿದಿರಲಿಲ್ಲ. ಇದಕ್ಕಿಂತ ನೇರ ದಾರಿ ನನಗೆ ಕಂಡಿರಲಿಲ್ಲ.

ಮಿಸ್‌ನ ನಗು ನಿಂತಿತು. ಪರದೆಯನ್ನು ತಮ್ಮ ಕಡೆ ಎಳೆದುಕೊಂಡು ಬಹಳ ಹೊತ್ತು ಬರೆದರು. ಆಮೇಲೆ, ನಾನು ಪಕ್ಕದಲ್ಲೇ ಇದ್ದರೂ, ತರಗತಿಯಲ್ಲಿ ಮಾಡುವಂತೆ ದಾರ ಹಿಡಿದು ನನ್ನ ಕಡೆ ತಿರುಗಿಸಿದರು.

“ಅಕ್ಕ, ಪುಸ್ತಕ ತುಳೀಬ್ಯಾಡ್ರಿ, ತಾಗಿದ್ರೆ ಕಣ್ಣಿಗೊತ್ಕಳ್ರಿ ಅಂತ ನಾನೇ ಹೇಳ್ಕೊಟ್ಟಿದ್ದು. ದನಿ ಇದ್ದಾಗ. ದಿನಾ ಹೇಳ್ತಿದ್ದೆ. ಈಗ ನಾನು ಏನೂ ಹೇಳಕಾಗಲ್ಲ, ಅವು ಇನ್ನಾ ಕೇಳಿಸ್ಕಂತಾನೇ ಅವೆ. ಅದನ್ನ ಬ್ಯಾಡ ಅನ್ನಕೆ ನನ್ನ ಕೈಲಿ ಆಗಲ್ಲ. ಉಗ್ರಾಣಕ್ಕೆ ಬೇಕಾದ್ರೆ ಹೋಗ್ತೀನಿ.”

ನಾನು ಎರಡು ಸಲ ಓದಿದೆ. ಕಂಬಳಿಯ ಅಂಚು ಗಾಳಿಗೆ ಏಳುತ್ತ ಬೀಳುತ್ತಿತ್ತು. ಪ್ರತಿ ಸಲವೂ ಒಂದು ತುಂಡು ಬೆಳಕು ಆ ಸಾಲುಗಳ ಮೇಲೆ ಬಂದು ಹೋಗುತ್ತಿತ್ತು. ಮಕ್ಕಳು ಬದಲಾಗುವುದಿಲ್ಲ ಎಂದಾದರೆ ಯಂತ್ರವೇ ಬದಲಾಗಬೇಕು. ಪುಸ್ತಕವನ್ನು ಮೊದಲಿನಿಂದ ತೆರೆದೆ.

ಈ ಸಲ ಬೇರೆಯದನ್ನು ಹುಡುಕಿದೆ. ಬಾಣಗಳ ಪಟ್ಟಿಯನ್ನು ಅದರ ಜಾಗದಿಂದ ಏಳಿಸಬಹುದೇ? ಎರಡು ಸಂಜೆ ಸಿಗಲಿಲ್ಲ. ಮೂರನೆಯ ಸಂಜೆ, ಪಟ್ಟಿಯ ತುದಿಯಲ್ಲಿದ್ದ ಸಣ್ಣ ಚುಕ್ಕೆಗಳನ್ನು ಪೆನ್ನಿನಿಂದ ಒತ್ತಿ ಹಿಡಿದು ಎಳೆದೆ. ಅಡಿಯಲ್ಲಿದ್ದ ಪಟ್ಟಿ ಹಾಗೇ ತೇಲಿಕೊಂಡು ಮೇಲೆ ಹೋಗಿ, ಮೂರನೇ ತರಗತಿಯ ಯಾವ ಕೈಯೂ ಸುಮ್ಮನೆ ಹೋಗಿ ಮುಟ್ಟದ ಎತ್ತರದಲ್ಲಿ ಕೂತಿತು. ಅಷ್ಟೇ. ಬುಡ ಖಾಲಿಯಾಯಿತು. ಬೆರಳಿನ ಸ್ಪರ್ಶವನ್ನು ಮತ್ತೆ ಹಚ್ಚಿದೆ. ಖಾಲಿ ಜಾಗ ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಪುಟ ತಿರುಗಲಿಲ್ಲ. ಮುಟ್ಟಿದಲ್ಲಿ ಒಂದು ನೀಲಿ ಚುಕ್ಕಿ ಉಳಿದಿತ್ತು, ಅಷ್ಟೇ.

“ಮಲಗ್ತೇನು ಮಗು?” ಎಂದು ನಮ್ಮ ಮನೆಯವರು ಯಂತ್ರವನ್ನೇ ಕುರಿತು ಒಳಗಿನಿಂದ ಕೇಳಿದರು.

“ಎದ್ದೈತೆ” ಎಂದೆ.

ಆ ಚುಕ್ಕಿಯನ್ನು ನಾನು ಉಳಿದುಕೊಂಡ ಸಣ್ಣ ದೋಷ ಎಂದೇ ಬರೆದಿಟ್ಟುಕೊಂಡಿದ್ದೆ. ಮರುದಿನ ಬೆಳಿಗ್ಗೆ ಮಿಸ್ ಅದನ್ನು ನೋಡಿದರು. ಒಂದೊಂದು ಮಗು ಬಂದು ಹೋದಂತೆ ಪುಟದ ಬುಡದಲ್ಲಿ ಒಂದೊಂದು ಚುಕ್ಕಿ. ರಂಗೋಲಿಗೆ ಇಟ್ಟ ಹಾಗೆ, ಆದರೆ ಸಾಲು ಅಂಕುಡೊಂಕು. ಅವರು ಅದನ್ನೇ ನೋಡುತ್ತ ನಿಂತರು; ಆಮೇಲೆ ಬಾಗಿಲ ಕಡೆ ನೋಡಿದರು. ಮಾರನೆಯ ದಿನದಿಂದ ಮೇಜನ್ನು ಬಾಗಿಲ ಪಕ್ಕಕ್ಕೆ ಸರಿಸಿ, ಖಾಲಿ ಪುಟವನ್ನು ಹೊರಕ್ಕೆ ತಿರುಗಿಸಿ ಇಡತೊಡಗಿದರು. ಒಳಗೆ ಬರುವ ಪ್ರತಿ ಮಗುವೂ ಮುಟ್ಟಿ, ಕಣ್ಣಿಗೊತ್ತಿಕೊಂಡು, ತನ್ನ ಚುಕ್ಕಿ ಇಟ್ಟು ಬಂದು ಕೂರುತ್ತಿತ್ತು. ಮಿಸ್ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಚುಕ್ಕಿಗಳನ್ನು ಪೆನ್ನಿನ ತುದಿಯಿಂದ ಎಣಿಸುತ್ತಿದ್ದರು. ಬೇಸಿಗೆಯಿಂದೀಚೆಗೆ ಅವರಿಗೆ ಹಾಜರಿ ಕೂಗಲು ಆಗಿರಲಿಲ್ಲ.

ಸಮಿತಿ ಬಂದ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮೊದಲ ಬ್ಯಾಟರಿ ಹಾಜರಿ ಮತ್ತು ಕನ್ನಡಕ್ಕೆ ಮುಗಿಯಿತು. ಎರಡನೆಯದನ್ನು ನಾನು ಮೊಣಕಾಲ ಮೇಲಿಟ್ಟುಕೊಂಡು ಕಾಯುತ್ತಿದ್ದು, ಅವರು ಬಾಗಿಲಿಗೆ ಬಂದ ಮೇಲೆ ಹಾಕಿದೆ. ಕಾರ್ಯದರ್ಶಿಗಳ ಜೊತೆ ಇಬ್ಬರು ಹಿರಿಯರು ಹಿಂದೆ ಕಂಬಳಿ ಇಳಿಬಿಟ್ಟ ಕಿಟಕಿಯ ಕೆಳಗೆ ಕೂತರು. ಒಬ್ಬರು ಪಿಸುಗುಟ್ಟಿದ್ದು ನನಗೆ ಕೇಳಿಸಿತು: “ಟೀಚರೇ ಮಾತಾಡಲ್ಲ ಅಂದ್ರೆ ಪಾಠ ಹೆಂಗೆ?”

ಮಿಸ್ ಬರೆದರು. ಟಕಟಕ. ತರಗತಿ ಉಸಿರು ಹಿಡಿಯಿತು. ಕೆಂಪು ದಾರ, ಕಪ್ಪು ಕತ್ತು, ಮೆಲ್ಲಗೆ ಹೊರಳುವ ಬೆಳಕು. ಮೂವತ್ತಕ್ಕೂ ಹೆಚ್ಚು ದನಿಗಳು ಒಂದಾಗಿ ಎದ್ದವು: “ಒಂದು – ಮಂದೆಯಲ್ಲಿ – ನಲವತ್ತು – ಕುರಿ. ಎಂಟು – ಕುರಿ – ಕೆರೆಗೆ – ಹೋದವು. ಉಳಿದವೆಷ್ಟು?” ಎರಡು ಜಡೆಯ ಹುಡುಗಿ ಎದ್ದು ಬಂತು. ಮುಟ್ಟಿತು, ಕಣ್ಣಿಗೊತ್ತಿಕೊಂಡಿತು. ನಾನು ಸ್ಟೂಲಿನಿಂದ ಎದ್ದು ಪರದೆಯ ಮುಂದಕ್ಕೆ ಬಾಗಿ ನೋಡಿದೆ. ಲೆಕ್ಕ ಅಲ್ಲೇ ಇತ್ತು. ಬೆರಳಿನಿಂದ, ದೊಡ್ಡದಾಗಿ, ಸ್ವಲ್ಪ ಸೊಟ್ಟಗೆ, ಅದು ಮೂವತ್ತೆರಡು ಎಂದು ಬರೆಯಿತು. ಬರೆದು ನನ್ನ ಕಡೆ ತಿರುಗಿ, “ಟೂ ಬಿಟ್ಟಿಲ್ಲ” ಎಂದಿತು.

ಪಾಠ ಮುಗಿಯಿತು. ಹಿರಿಯರಿಬ್ಬರೂ ತಮ್ಮ ತಮ್ಮಲ್ಲೇ ಏನೋ ಹೇಳಿಕೊಂಡರು. ಕಾರ್ಯದರ್ಶಿಗಳು ಎದ್ದು, ಆ ಕತ್ತು ಹೇಗೆ ತಿರುಗುತ್ತದೆ ಎಂದು ಹತ್ತಿರದಿಂದ ನೋಡಲು ಮೇಜಿನ ಬಳಿ ಬಂದರು. ಬಂದವರು ಬಗ್ಗುವ ಮುಂಚೆ, ತಮಗೇ ಅರಿವಿಲ್ಲದೆ, ಪರದೆಯ ಬುಡ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. ಮಕ್ಕಳ ಸಣ್ಣ ಚುಕ್ಕಿಗಳ ಪಕ್ಕದಲ್ಲಿ ಒಂದು ದಪ್ಪ ಚುಕ್ಕಿ ಬಿತ್ತು.

“ಸಾರ್ ಹಾಜ್ರಿ ಹಾಕಿದ್ರು” ಎಂದಿತು ಒಂದು ಮಗು.

ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿಯಿತು. ಕಾರ್ಯದರ್ಶಿಗಳು ಚುಕ್ಕಿಯನ್ನು ನೋಡಿದರು, ತಮ್ಮ ಬೆರಳನ್ನು ನೋಡಿಕೊಂಡರು. ಮಿಸ್ ದಾರ ಹಿಡಿದು ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಟಕಟಕ ಸದ್ದು. ಬರೆಯುತ್ತಿದ್ದಂತೆ ಅವರ ಭುಜ ಸಣ್ಣಗೆ ಕುಣಿಯುತ್ತಿತ್ತು. ಮತ್ತೆ ತಿರುಗಿಸಿದರು. ಮಕ್ಕಳು ಓದಿದರು, ಒಂದೇ ದನಿಯಲ್ಲಿ, ಎಳೆದೆಳೆದು:

“ತಡವಾಗಿ – ಬಂದಿದ್ದೀರಿ. ಪರವಾಗಿಲ್ಲ. ಬರ್ರಿ, – ಕುಂತ್ಕಳ್ರಿ.”

ಕಾರ್ಯದರ್ಶಿಗಳು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿ, ಎರಡು ಜಡೆಯ ಹುಡುಗಿ ಸರಿದು ಬಿಟ್ಟ ಜಾಗದಲ್ಲಿ, ನೆಲದ ಮೇಲೆ ಕೂತರು. “ರಜೆ ಮುಗಿದ ಮೇಲೂ ಇದೇ ಟೈಮಿಗೇನ್ರಿ ಮಿಸ್, ತರಗತಿ ಶುರು ಆಗೋದು?” ಎಂದು ಅಲ್ಲಿಂದಲೇ ಕೇಳಿದರು. ಮಿಸ್ ತಲೆಯಾಡಿಸಿದರು.

ನಾನು ಕೊಡಬೇಕಿದ್ದ ಪುಟವನ್ನು ಆ ಸಂಜೆ ಬರೆದೆ. ಭಾರ ಹೆಚ್ಚು, ಬ್ಯಾಟರಿ ಸಾಲದು, ಪಕ್ಕದಿಂದ ಕಾಣದು, ಬೆಳಕು ತಡೆಯದು. ಎಲ್ಲ ಶಾಲೆಗಳಿಗೂ ಇದನ್ನು ತರಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಮೂರನೇ ತರಗತಿಯ ಮಿಸ್ ಅವರ ಬಳಿ ಇದು ಇರಲಿ. ಕತ್ತನ್ನು ಕೆಂಪು ದಾರದ ಕಡೆಗೆ ಮಾತ್ರ ತಿರುಗಿಸಬೇಕು. ಬಾಣಗಳ ಪಟ್ಟಿಯನ್ನು ಯಾರೂ ಕೆಳಗಿಳಿಸಬಾರದು.

ಕೊನೆಯಲ್ಲಿ, ಪರದೆಯನ್ನು ದಿನವೂ ಒರೆಸಬೇಕು ಎಂದು ಬರೆಯಹೊರಟು, ಬಿಟ್ಟುಬಿಟ್ಟೆ.